ಅಮೆರಿಕದಲ್ಲಿ ಮನೆ ಬದಲಿಸುವವರ ಗಮನಕ್ಕೆ: ಒಂದು ಡಾಲರ್ ಕೆಲಸಕ್ಕೆ ನಾನು 80 ಡಾಲರ್ ಕೊಟ್ಟೆ

ಹೊಸಬಾಗಿಲು:

ಎಲ್ಲರಿಗೂ ನಮಸ್ಕಾರ. ಹೋದ ವಾರ ನಾವು ನ್ಯೂಜೆರ್ಸಿಯಿಂದ ಟೆಕ್ಸಸ್‌ಗೆ ಮನೆ ಬದಲಿಸಿದೆವು. ಬಿಚ್ಚದ ಪೆಟ್ಟಿಗೆಗಳ ಮಧ್ಯೆ ನೆಲದ ಮೇಲೆ ಕೂತು, ಅಂಚೆ ವಿಳಾಸ ಬದಲಿಸೋಣ ಅಂತ ಫೋನಿನಲ್ಲಿ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದ ಕೊಂಡಿಯನ್ನು ಒತ್ತಿದೆ. ನೀಲಿ, ಬಿಳಿ, ಕೆಂಪು ಬಣ್ಣದ ಪುಟ. ಹಳೆಯ ವಿಳಾಸ, ಹೊಸ ವಿಳಾಸ, ಹುಟ್ಟಿದ ದಿನ, ಫೋನ್ ನಂಬರ್ ಕೇಳಿತು. ಎಲ್ಲ ತುಂಬಿದೆ. ಕೊನೆಯಲ್ಲಿ 79 ಡಾಲರ್ 95 ಸೆಂಟ್ ಕಟ್ಟಿ ಅಂತ ಬಂತು. ಕಟ್ಟಿದೆ.

ಒಂದು ಕ್ಷಣವೂ ಅನುಮಾನ ಬರಲಿಲ್ಲ. ಇಲ್ಲಿಗೆ ಬಂದಾಗಿನಿಂದ ವೀಸಾ ಅರ್ಜಿಗೆ ನೂರಾರು ಡಾಲರ್, ಅದಕ್ಕೆ ಇಷ್ಟು, ಇದಕ್ಕೆ ಇಷ್ಟು ಅಂತ ಕಟ್ಟುತ್ತಲೇ ಇದ್ದೇವೆ. ಸರ್ಕಾರಿ ಕೆಲಸ ಅಂದರೆ ಇಷ್ಟು ಆಗುತ್ತದೆ ಅಂತ ಮನಸ್ಸು ಒಪ್ಪಿಕೊಂಡುಬಿಟ್ಟಿದೆ.

ಮರುದಿನ ಆಫೀಸಿನಲ್ಲಿ ಒಬ್ಬರು ಹೇಳಿದರು, ಅಂಚೆ ಇಲಾಖೆ ಅಂದರೆ ಯುಎಸ್‌ಪಿಎಸ್ ಈ ಕೆಲಸಕ್ಕೆ ಒಂದು ಡಾಲರ್ ಚಿಲ್ಲರೆ ತೆಗೆದುಕೊಳ್ಳುತ್ತದೆ, ಕೌಂಟರಿಗೆ ಹೋದರೆ ಅದೂ ಇಲ್ಲ ಅಂತ. ನನಗೆ ಕೈಕಾಲು ತಣ್ಣಗಾಯಿತು. ವಾಪಸ್ ಹೋಗಿ ಆ ಪುಟ ನೋಡಿದರೆ, ಎಲ್ಲಕ್ಕಿಂತ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ 'ನಾವು ಖಾಸಗಿ ಸಂಸ್ಥೆ, ಅಂಚೆ ಇಲಾಖೆಗೂ ನಮಗೂ ಸಂಬಂಧ ಇಲ್ಲ' ಅಂತ ಇದೆ.

ನನ್ನ ಪ್ರಶ್ನೆಗಳು ಮೂರು. ದುಡ್ಡು ವಾಪಸ್ ಬರುತ್ತಾ? ನನ್ನ ವಿಳಾಸ ನಿಜವಾಗಿ ಬದಲಾಗಿದೆಯಾ, ಇಲ್ಲವಾ? ಅವರ ಕೈಗೆ ಕೊಟ್ಟ ವಿವರಗಳಿಂದ ಮುಂದೆ ಏನಾದರೂ ಆಗಬಹುದಾ? ಮೂರನೆಯದಕ್ಕೇ ನನಗೆ ಜಾಸ್ತಿ ಭಯ.

ತುಂಗೆಯದಡ:

ಮೊದಲು ಸಮಾಧಾನ ಮಾಡಿಕೊಳ್ಳಿ. ಇದು ನಿಮ್ಮೊಬ್ಬರಿಗೆ ಆಗಿದ್ದಲ್ಲ. ಮನೆ ಬದಲಿಸುವ ವಾರದಲ್ಲಿ ಯಾರಿಗೂ ಸಾವಧಾನ ಇರುವುದಿಲ್ಲ. ಆ ತಾಣಗಳು ಕಾಯುವುದೇ ಆ ವಾರಕ್ಕೆ.

ದುಡ್ಡಿನ ವಿಷಯ ಹೇಳುತ್ತೇನೆ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಇವತ್ತೇ ಕಾರ್ಡ್ ಕಂಪನಿಗೆ ಫೋನ್ ಮಾಡಿ. 'ಅಂಚೆ ಇಲಾಖೆಯ ಸೇವೆ ಅಂತ ನಂಬುವಂತೆ ಮಾಡಿದರು, ಹೇಳಿದ ಕೆಲಸ ಆಗಿಲ್ಲ' ಅಂತ ವಿವರಿಸಿ ಡಿಸ್ಪ್ಯೂಟ್, ಅಂದರೆ ಈ ಖರ್ಚು ಒಪ್ಪುವುದಿಲ್ಲ ಅನ್ನುವ ತಕರಾರು, ಹಾಕಿ. ಆ ಪುಟದ ಚಿತ್ರ, ಇಮೇಲ್ ರಸೀತಿ, ಕೆಳಗಿನ ಸಣ್ಣ ಅಕ್ಷರ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಪುಟ ನಾಳೆ ಹೀಗೇ ಇರುತ್ತದೆ ಅಂತ ಹೇಳಲಾಗುವುದಿಲ್ಲ. ಫೋನಿನಲ್ಲಿ ಹೇಳಿದ್ದು ಸಾಲದು, ಪತ್ರವನ್ನೂ ಬರೆಯಿರಿ. ಇಲ್ಲಿನ ಕಾನೂನಿನ ಪ್ರಕಾರ, ಆ ಖರ್ಚು ಮೊದಲು ಕಾಣಿಸಿದ ಬಿಲ್ ಕಳಿಸಿದ ದಿನದಿಂದ 60 ದಿನದೊಳಗೆ ನಿಮ್ಮ ಪತ್ರ ಕಾರ್ಡ್ ಕಂಪನಿಗೆ ಮುಟ್ಟಬೇಕು. ಡೆಬಿಟ್ ಕಾರ್ಡಿನಲ್ಲಿ ಕಟ್ಟಿದವರಿಗೆ ಇಷ್ಟು ಗಟ್ಟಿ ರಕ್ಷಣೆ ಇಲ್ಲ. ಆದರೂ ಬ್ಯಾಂಕಿಗೆ ತಿಳಿಸಲೇಬೇಕು.

ಆ ತಾಣದವರಿಗೂ ಒಂದು ಇಮೇಲ್ ಹಾಕಿ, ದುಡ್ಡು ವಾಪಸ್ ಕೊಡಿ ಅಂತ. ಕೊಡದಿದ್ದರೂ ಕೇಳಿದ್ದಕ್ಕೆ ದಾಖಲೆ ಇರುತ್ತದೆ. ಡಿಸ್ಪ್ಯೂಟ್‌ನಲ್ಲಿ ಅದು ಕೆಲಸಕ್ಕೆ ಬರುತ್ತದೆ.

ನೀಲಿಲಕೋಟೆ:

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹೊಸ ಊರಿನ ಅಂಚೆ ಕಚೇರಿಗೆ ಫೋಟೊ ಇರುವ ಐಡಿ ತೆಗೆದುಕೊಂಡು ಹೋಗಿ. ಡ್ರೈವಿಂಗ್ ಲೈಸೆನ್ಸ್ ಸಾಕು. ಕೌಂಟರಿನಲ್ಲಿ ವಿಳಾಸ ಬದಲಾವಣೆ ಮಾಡಬೇಕು ಅಂತ ಹೇಳಿ. ಫಾರಂ ನಂಬರ್ 3575. ಒಂದು ಪೈಸೆ ಖರ್ಚಿಲ್ಲ. ನಿಮ್ಮ ಹೆಸರಿನಲ್ಲಿ ಆಗಲೇ ಏನಾದರೂ ಅರ್ಜಿ ಹೋಗಿದೆಯಾ ಅಂತ ಅಲ್ಲೇ ಕೇಳಿ. ಇಂಥ ಕೆಲವು ತಾಣಗಳು ದುಡ್ಡು ತೆಗೆದುಕೊಂಡು ಅರ್ಜಿಯನ್ನು ಮುಂದಕ್ಕೆ ಕಳಿಸುತ್ತವೆ, ಕೆಲವು ಏನನ್ನೂ ಮಾಡುವುದಿಲ್ಲ. ನಿಮ್ಮದು ಯಾವ ಬಗೆ ಅನ್ನುವುದು ತಿಳಿಯುವವರೆಗೆ ಸುಮ್ನೆ ಕೂರಬೇಡಿ.

ಅರ್ಜಿ ನಿಜವಾಗಿ ಹೋಗಿದ್ದರೆ ಅಂಚೆ ಇಲಾಖೆ ಎರಡು ಪತ್ರ ಕಳಿಸುತ್ತದೆ. ಒಂದು ಹಳೆಯ ವಿಳಾಸಕ್ಕೆ, 'ನೀವು ಹೀಗೆ ಬದಲಾವಣೆ ಕೇಳಿದ್ದು ಹೌದಾ' ಅಂತ. ಇನ್ನೊಂದು ಹೊಸ ವಿಳಾಸಕ್ಕೆ, ದೃಢೀಕರಣದ ನಂಬರ್ ಜೊತೆ. ಆ ನಂಬರ್ ಜೋಪಾನ. ಅರ್ಜಿ ತಿದ್ದಲು, ರದ್ದು ಮಾಡಲು ಅದು ಬೇಕು.

ಆನ್‌ಲೈನ್‌ನಲ್ಲಿ ಮಾಡುವುದಾದರೆ ಬೆರಳಿನಿಂದ ಟೈಪ್ ಮಾಡಿ: ಯುಎಸ್‌ಪಿಎಸ್ ಡಾಟ್ ಕಾಮ್, ಓರೆಗೆರೆ (/), ಮೂವ್. ಹುಡುಕಬೇಡಿ, ಟೈಪ್ ಮಾಡಿ. ಅಲ್ಲಿ ಕೇಳುವ ಒಂದು ಡಾಲರ್ ಚಿಲ್ಲರೆ ಸೇವೆಯ ಬೆಲೆಯಲ್ಲ. ಅರ್ಜಿ ಹಾಕುತ್ತಿರುವುದು ನೀವೇನಾ ಅಂತ ಕಾರ್ಡಿನ ಮೂಲಕ ಖಾತ್ರಿ ಮಾಡಿಕೊಳ್ಳಲು. ಅದಕ್ಕೇ ಕಾರ್ಡಿನ ಬಿಲ್ಲಿಂಗ್ ವಿಳಾಸ ನಿಮ್ಮ ಹಳೆಯದಕ್ಕೋ ಹೊಸದಕ್ಕೋ ಹೊಂದಬೇಕು. ಇಲ್ಲದಿದ್ದರೆ ಯಾರು ಬೇಕಾದರೂ ನಿಮ್ಮ ಕಾಗದಗಳನ್ನು ತಮ್ಮ ಮನೆಗೆ ತಿರುಗಿಸಿಕೊಳ್ಳಬಹುದಿತ್ತು. ಹಿಂದೆ ಅಂಥ ಮೋಸಗಳು ಆಗಿದ್ದರಿಂದಲೇ ಕೌಂಟರಿನಲ್ಲೂ 2023ರಿಂದ ಐಡಿ ಕೇಳುವುದು.

ಮೊದಲಮಳೆ:

ಮಾರ್ಚ್‌ನಲ್ಲಿ ನಾನೂ ಹತ್ತಿರ ಹತ್ತಿರ ಸಿಕ್ಕಿಬೀಳುತ್ತಿದ್ದೆ. ಸರ್ಕಾರಿ ತಾಣ ಅಂದರೆ ಕೊನೆಯಲ್ಲಿ 'ಡಾಟ್ ಗವ್' ಇರಬೇಕು ಅಂತ ನಮಗೆಲ್ಲ ಹೇಳಿಕೊಟ್ಟಿದ್ದಾರಲ್ವಾ? ನಾನು ಅದನ್ನೇ ಹುಡುಕುತ್ತಾ ಕೂತೆ. ಯುಎಸ್‌ಪಿಎಸ್ 'ಡಾಟ್ ಕಾಮ್' ಅಂತ ಕಂಡಾಗ ಇದೇ ನಕಲಿ ಅಂದುಕೊಂಡು ಮುಚ್ಚಿದೆ! ಅಸಲಿಯನ್ನು ಮುಚ್ಚಿ ನಕಲಿಯ ಕಡೆ ಹೊರಟಿದ್ದೆ. ಆ ಒಂದು ಸಂಗತಿ ಎಲ್ಲರಿಗೂ ಗೊತ್ತಿರಬೇಕು.

ತುಂಗೆಯದಡ:

ಮೊದಲಮಳೆ, ತುಂಬಾ ಮುಖ್ಯವಾದ ಮಾತು. ಅಂಚೆ ಇಲಾಖೆಯ ತಾಣ ಡಾಟ್ ಕಾಮ್‌ನಲ್ಲೇ ಇದೆ. ಹಾಗಾಗಿ ಬಾಲ ಮಾತ್ರ ನೋಡಿದರೆ ಸಾಲದು, ಹೆಸರನ್ನು ಓದಬೇಕು. ನಾನು ನೋಡುವ ಕ್ರಮ ಹೀಗೆ. ವಿಳಾಸದ ಸಾಲಿನಲ್ಲಿ ಶುರುವಿನ https:// ಬಿಟ್ಟು, ಆಮೇಲಿನ ಮೊದಲ ಓರೆಗೆರೆ ಎಲ್ಲಿದೆ ಹುಡುಕಿ. ಅಲ್ಲಿಂದ ಎಡಕ್ಕೆ ಬನ್ನಿ. ಮೊದಲು ಡಾಟ್ ಕಾಮ್ ಸಿಗುತ್ತದೆ. ಅದಕ್ಕೆ ಅಂಟಿಕೊಂಡ ಹೆಸರು ಯಾವುದೋ ಅದೇ ಮನೆಯ ಯಜಮಾನ. ಅದಕ್ಕಿಂತ ಎಡಗಡೆ ಚುಕ್ಕೆ ಇಟ್ಟು ಏನು ಬೇಕಾದರೂ ಬರೆದುಕೊಳ್ಳಬಹುದು, ಯುಎಸ್‌ಪಿಎಸ್ ಅಂತಲೂ ಬರೆಯಬಹುದು. ಅದಕ್ಕೆ ಬೆಲೆ ಇಲ್ಲ. ಹಾಗೇ, ನಡುವೆ ಅಡ್ಡಗೆರೆ ಹಾಕಿ ಅಂಚೆ, ವಿಳಾಸ, ಬದಲಾವಣೆ ಅನ್ನುವ ಇಂಗ್ಲಿಷ್ ಪದಗಳನ್ನೆಲ್ಲ ಪೋಣಿಸಿದ ಉದ್ದದ ಹೆಸರು ಕಂಡರೆ ಅದು ಇಲಾಖೆಯದಲ್ಲ.

ಬೀಗದ ಚಿತ್ರ ಕಂಡಿತು ಅಂತ ನಂಬಬೇಡಿ. ದಾರಿಯ ಮಧ್ಯೆ ಯಾರೂ ಕದ್ದು ಓದುವುದಿಲ್ಲ ಅಂತ ಮಾತ್ರ ಅದರ ಅರ್ಥ. ಆ ಕಡೆ ಕೂತವರು ಯಾರು ಅಂತ ಬೀಗ ಹೇಳುವುದಿಲ್ಲ.

ರಾತ್ರಿಪಾಳಿ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎರಡು ವರ್ಷದ ಹಿಂದೆ ನಾನು ಇಂಥದ್ದೇ ಒಂದು ಖಾಸಗಿ ತಾಣದಲ್ಲಿ 40 ಡಾಲರ್ ಕೊಟ್ಟೆ. ಕಾಗದಗಳೆಲ್ಲ ಹೊಸ ಮನೆಗೆ ಸರಿಯಾಗಿ ಬಂದವು. ಪಾಸ್‌ಪೋರ್ಟ್ ಅರ್ಜಿ ತುಂಬಿಕೊಡಲು ಜನ ಏಜೆಂಟರಿಗೆ ದುಡ್ಡು ಕೊಡುತ್ತಾರೆ. ಇದೂ ಹಾಗೇ ಅಲ್ವಾ? ಸಣ್ಣ ಅಕ್ಷರದಲ್ಲಾದರೂ ಖಾಸಗಿ ಅಂತ ಬರೆದಿದ್ದಾರೆ. ಮೋಸ ಅನ್ನುವುದು ದೊಡ್ಡ ಮಾತಾಯಿತು ಅನಿಸುತ್ತದೆ.

ಕಡಲಕರೆ:

ರಾತ್ರಿಪಾಳಿ, ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಖಾಸಗಿ ಸಹಾಯ ಕೊಡುವುದು ತಪ್ಪಲ್ಲ. ಆದರೆ ಏಜೆಂಟ್ ಹತ್ತಿರ ಹೋದಾಗ ಅವನು ಏಜೆಂಟ್ ಅಂತ ನಮಗೆ ಗೊತ್ತಿರುತ್ತದೆ. ಗೊತ್ತಿದ್ದೇ ದುಡ್ಡು ಕೊಡುತ್ತೇವೆ. ಇಲ್ಲಿ ಗೊತ್ತಾಗದಂತೆ ಮಾಡುವುದೇ ಅವರ ವ್ಯಾಪಾರ. ಬಣ್ಣ ಅದೇ, ಪದಗಳು ಅವೇ, ಹುಡುಕಾಟದಲ್ಲಿ ದುಡ್ಡು ಕೊಟ್ಟು ಹಿಡಿದ ಮೊದಲ ಜಾಗ. ಇಲಾಖೆಯ ಫಾರಂ ತುಂಬಲು ಹತ್ತು ನಿಮಿಷವೂ ಬೇಡ. ಏಜೆಂಟ್ ಇಳಿಸುವಂಥ ಹೊರೆಯೇ ಇದರಲ್ಲಿ ಇಲ್ಲ.

ನ್ಯಾಯಾಲಯವೂ ಸಣ್ಣ ಅಕ್ಷರವನ್ನು ಕ್ಷಮಿಸಿಲ್ಲ. 2019ರ ಡಿಸೆಂಬರ್‌ನಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಎಫ್‌ಟಿಸಿ, ಫ್ಲೋರಿಡಾದಲ್ಲಿ ಒಂದು ಕಂಪನಿ ಗುಂಪಿನ ಮೇಲೆ ಕೇಸು ಹಾಕಿತು. ಅವರು ಡ್ರೈವಿಂಗ್ ಲೈಸೆನ್ಸ್ ನವೀಕರಣದಂಥ ಸರ್ಕಾರಿ ಕೆಲಸ ಬೇಗ ಮಾಡಿಕೊಡುತ್ತೇವೆ ಅಂತ ತಾಣಗಳನ್ನು ನಡೆಸುತ್ತಿದ್ದರು. ದುಡ್ಡು ಕೊಟ್ಟವರಿಗೆ ಸಿಗುತ್ತಿದ್ದದ್ದು ಎಲ್ಲರಿಗೂ ಪುಕ್ಕಟೆ ಸಿಗುವ ಮಾಹಿತಿ ತುಂಬಿದ ಪಿಡಿಎಫ್ ಕಡತ. ಸರ್ಕಾರಿ ತಾಣವಲ್ಲ ಅನ್ನುವ ಟಿಪ್ಪಣಿ ಅವರ ಪುಟಗಳಲ್ಲೂ ಇತ್ತು. ಅದು ಅವರನ್ನು ಉಳಿಸಲಿಲ್ಲ. ಹತ್ತು ಕೋಟಿ ಡಾಲರಿಗೂ ಹೆಚ್ಚು ಮೊತ್ತ ಜನರಿಗೆ ವಾಪಸ್ ಹೋಯಿತು.

ರಾತ್ರಿಪಾಳಿ:

ಈ ಕೇಸಿನ ಬಗ್ಗೆ ಗೊತ್ತಿರಲಿಲ್ಲ, ಧನ್ಯವಾದ. ಯೋಚಿಸಿ ನೋಡಿದರೆ ನಾನೂ ಅವತ್ತು ಏಜೆಂಟ್ ಅಂತ ತಿಳಿದು ದುಡ್ಡು ಕೊಟ್ಟಿರಲಿಲ್ಲ. ಅದೇ ಶುಲ್ಕ ಅಂದುಕೊಂಡಿದ್ದೆ. ಆಮೇಲೆ ಗೊತ್ತಾದಾಗ, ಹೋಗಲಿ ಕೆಲಸ ಆಯಿತಲ್ಲ ಅಂತ ಮನಸ್ಸನ್ನು ಒಪ್ಪಿಸಿದೆ. ಮನೆಯಲ್ಲಿ ಹೇಳಿರಲಿಲ್ಲ. ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಸಂಪಿಗೆಮರ:

ಒಂದು ವಿಷಯ ಕೇಳಬೇಕಿತ್ತು. ನಾನು ಮುಂದಿನ ತಿಂಗಳು ಮನೆ ಬದಲಿಸುತ್ತಿದ್ದೇನೆ. ಫಾರಂನಲ್ಲಿ 'ಕುಟುಂಬ' ಅಂತ ಆರಿಸಿದರೆ ಎಲ್ಲರ ಕಾಗದವೂ ಬರುತ್ತಾ? ನಮ್ಮ ಮನೆಯಲ್ಲಿ ನನ್ನ ಕೊನೆಯ ಹೆಸರು ನಮ್ಮಪ್ಪನದು, ಗಂಡನದು ಅವರ ಊರಿನದು, ಮಗುವಿನದು ಗಂಡನ ಹೆಸರು. ಮೂವರಿಗೂ ಬೇರೆ ಬೇರೆ.

ನೀಲಿಲಕೋಟೆ:

ಒಳ್ಳೆಯ ಪ್ರಶ್ನೆ ಕೇಳಿದಿರಿ. ನಮ್ಮವರಲ್ಲಿ ಅರ್ಧ ಜನ ಎಡವುವುದು ಇಲ್ಲೇ. 'ಕುಟುಂಬ' ಅಂದರೆ ಅಂಚೆಯವರ ಲೆಕ್ಕದಲ್ಲಿ ಒಂದೇ ಕೊನೆಯ ಹೆಸರು ಇರುವವರು. ನಿಮ್ಮಲ್ಲಿ ಮೂರು ಹೆಸರು, ಹಾಗಾಗಿ ಮೂರು ಅರ್ಜಿ, ಮೂರೂ 'ವ್ಯಕ್ತಿ' ಅಂತಲೇ. ಆನ್‌ಲೈನ್‌ನಲ್ಲಾದರೆ ಪ್ರತಿಯೊಂದಕ್ಕೂ ಆ ಒಂದು ಡಾಲರ್ ಚಿಲ್ಲರೆ. ಮಗುವಿಗೆ ಆಸ್ಪತ್ರೆ, ಇನ್ಶೂರೆನ್ಸ್ ಕಾಗದಗಳು ಬರುತ್ತಿರುತ್ತವೆ, ಬಿಡಬೇಡಿ. ಹೆಸರನ್ನು ಕಾಗದಗಳ ಮೇಲೆ ಹೇಗೆ ಬರುತ್ತದೋ ಹಾಗೇ ಬರೆಯಿರಿ.

ಹೊರಡುವ 90 ದಿನ ಮೊದಲಿಂದಲೇ ಅರ್ಜಿ ಹಾಕಬಹುದು. ಒಂದೆರಡು ವಾರ ಮೊದಲು ಹಾಕಿದರೆ ಒಳ್ಳೆಯದು, ಕಾಗದಗಳು ತಿರುಗಲು ಶುರುವಾಗಲು ಅಂಚೆಯವರ ಕೆಲಸದ ದಿನಗಳ ಲೆಕ್ಕದಲ್ಲಿ 7ರಿಂದ 10 ದಿನ ಹಿಡಿಯಬಹುದು. ಫಸ್ಟ್ ಕ್ಲಾಸ್ ಕಾಗದಗಳು, ಅಂದರೆ ಸಾಮಾನ್ಯ ಪತ್ರ, ಬಿಲ್ಲುಗಳು, 12 ತಿಂಗಳು ತಿರುಗಿ ಬರುತ್ತವೆ. ಪತ್ರಿಕೆಗಳು 60 ದಿನ ಮಾತ್ರ. ಆಮೇಲೂ ಬೇಕೆಂದರೆ 6, 12, 18 ತಿಂಗಳಿಗೆ ದುಡ್ಡು ಕೊಟ್ಟು ಮುಂದುವರಿಸುವ ಸೌಲಭ್ಯ ಇಲಾಖೆಯಲ್ಲೇ ಇದೆ. ಅದು ಬೇರೆ ಸೇವೆ, ಮೊದಲ ವರ್ಷಕ್ಕೆ ಅದರ ಅಗತ್ಯ ಇಲ್ಲ.

ಮತ್ತೊಂದು. ಅಸಲಿ ತಾಣದಲ್ಲೂ ಅರ್ಜಿ ತುಂಬುವಾಗ ಅಂಗಡಿಗಳ ರಿಯಾಯಿತಿ ಕೂಪನ್‌ಗಳು ಕಾಣುತ್ತವೆ. ಅದನ್ನು ನೋಡಿ ನಕಲಿ ಅಂತ ಹೆದರಬೇಡಿ. ಬೇಡದಿದ್ದರೆ ಟಿಕ್ ತೆಗೆದು ಮುಂದೆ ಹೋಗಿ.

ಸಂಪಿಗೆಮರ:

ಮೂರು ಅರ್ಜಿ ಅನ್ನುವುದು ನನಗೆ ಖಂಡಿತ ಹೊಳೆಯುತ್ತಿರಲಿಲ್ಲ. ತುಂಬಾ ಧನ್ಯವಾದ. ಶನಿವಾರ ಕೌಂಟರಿಗೇ ಹೋಗುತ್ತೇನೆ.

ಹತ್ತುದಿನ:

ಈ ಚರ್ಚೆ ಓದುತ್ತಿರುವ ವೀಸಾದವರಿಗೆ ಒಂದು ಮಾತು. ಅಂಚೆ ವಿಳಾಸ ಬದಲಿಸಿದ ಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಎಚ್-1ಬಿ ಅನ್ನುವ ಕೆಲಸದ ವೀಸಾ, ಅವರ ಕುಟುಂಬದವರ ಎಚ್-4, ಗ್ರೀನ್ ಕಾರ್ಡ್, ಯಾವುದಾದರೂ ಸರಿ, ಮನೆ ಬದಲಿಸಿದ 10 ದಿನದೊಳಗೆ ವಲಸೆ ಇಲಾಖೆಗೆ, ಅಂದರೆ ಯುಎಸ್‌ಸಿಐಎಸ್‌ಗೆ, ತಿಳಿಸಬೇಕು. ಅದರ ಫಾರಂ ಹೆಸರು ಎಆರ್-11. ಅಂಚೆಯವರು ಅವರಿಗೆ ತಿಳಿಸುವುದಿಲ್ಲ. ಮನೆಯ ಒಬ್ಬೊಬ್ಬರದನ್ನೂ ಬೇರೆ ಬೇರೆಯಾಗಿ ತಿಳಿಸಬೇಕು, ಮಕ್ಕಳದನ್ನೂ. ಎಫ್-1 ವೀಸಾದ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಅದೇ 10 ದಿನದಲ್ಲಿ ಹೇಳಬೇಕು.

ಇದಕ್ಕೆ ಶುಲ್ಕ ಸೊನ್ನೆ. ಒಂದು ಡಾಲರೂ ಇಲ್ಲ. ಆದರೂ ಇದನ್ನು ತುಂಬಿಕೊಡುತ್ತೇವೆ ಅಂತ ದುಡ್ಡು ಕೇಳುವ ತಾಣಗಳಿವೆ. ಹೊಸಬಾಗಿಲು ಬರೆದ ಮಾತು ನನ್ನ ಮನಸ್ಸಿಗೆ ತಾಕಿತು. ಫೀಸು ಕಟ್ಟಿ ಕಟ್ಟಿ ನಮಗೆ ಅಭ್ಯಾಸ ಆಗಿಹೋಗಿದೆ. ಅದರ ಜೊತೆಗೆ ತಡವಾದರೆ ವೀಸಾಗೆ ಏನಾಗುತ್ತದೋ ಅನ್ನುವ ಹೆದರಿಕೆ. ಹೆದರಿದವರು ಬೆಲೆ ವಿಚಾರಿಸುವುದಿಲ್ಲ. ವಲಸೆ ಇಲಾಖೆಯ ತಾಣ ಡಾಟ್ ಗವ್‌ನಲ್ಲೇ ಕೊನೆಯಾಗುತ್ತದೆ, ಇಲ್ಲಿ ಆ ಗುರುತು ನಂಬಬಹುದು. 2023ರ ಅಕ್ಟೋಬರ್‌ನಿಂದ ಅಲ್ಲಿನ ಖಾತೆಯ ಒಳಗಿನಿಂದಲೇ ವಿಳಾಸ ಬದಲಿಸಬಹುದು. ಬಾಕಿ ಇರುವ ಅರ್ಜಿಗಳಲ್ಲಿ ಹೆಚ್ಚಿನವಕ್ಕೂ ಅದೇ ಸಾಕಾಗುತ್ತದೆ. ಮುಗಿದ ಮೇಲೆ ಬರುವ ದೃಢೀಕರಣದ ಪ್ರತಿ ಇಟ್ಟುಕೊಳ್ಳಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ವಲಸೆ ಇಲಾಖೆಯ ಕಾಗದಗಳನ್ನು ಅಂಚೆಯವರು ಹೊಸ ಮನೆಗೆ ತಿರುಗಿಸುತ್ತಾರೆ ಅಂತ ನಂಬಿ ಕೂರಬಾರದು. ಹಳೆಯ ವಿಳಾಸಕ್ಕೆ ಹೋದ ಕಾರ್ಡು ಇಲಾಖೆಗೇ ವಾಪಸ್ ಹೋಗಬಹುದು. ನನ್ನ ವರ್ಕ್ ಪರ್ಮಿಟ್ ಕಾರ್ಡು ಹಾಗೇ ವಾಪಸ್ ಹೋಗಿ, ಮತ್ತೆ ಕೈಗೆ ಬರುವವರೆಗೆ ಆರು ವಾರ ಕೆಲಸಕ್ಕೆ ಹೋಗಲಾಗದೆ ಮನೆಯಲ್ಲಿ ಕೂತಿದ್ದೆ.

ಮೊದಲಮಳೆ:

ಆರು ವಾರವಾ! ಓದಿಯೇ ಸಂಕಟವಾಯಿತು. ಈಗಲೇ ನಮ್ಮಿಬ್ಬರದೂ ಪರೀಕ್ಷಿಸುತ್ತೇನೆ.

ಕಡಲಕರೆ:

ಇದೇ ಸಾಲಿನಲ್ಲಿ ಇನ್ನೆರಡು. ತೆರಿಗೆ ಇಲಾಖೆಗೆ ವಿಳಾಸ ತಿಳಿಸುವ ಫಾರಂ 8822, ಅದಕ್ಕೂ ಶುಲ್ಕ ಇಲ್ಲ. ಡ್ರೈವಿಂಗ್ ಲೈಸೆನ್ಸ್ ವಿಷಯ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 10 ದಿನದೊಳಗೆ ತಿಳಿಸಬೇಕು, ಪುಕ್ಕಟೆ. ಬೇರೆ ರಾಜ್ಯದವರು ತಮ್ಮ ರಾಜ್ಯದ ತಾಣದಲ್ಲೇ ನೋಡಿಕೊಳ್ಳಿ. ಲೈಸೆನ್ಸ್ ಕೊಡುವ ಇಲಾಖೆಯಾದ ಡಿಎಂವಿ ಹೆಸರಿನಲ್ಲೂ ಇಂಥ ತಾಣಗಳು ಬೇಕಾದಷ್ಟಿವೆ.

ತುಂಗೆಯದಡ:

ಹೊಸಬಾಗಿಲು ಅವರ ಮೂರನೆಯ ಪ್ರಶ್ನೆ ಹಾಗೇ ಉಳಿದಿದೆ. ನೀವು ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಇಲ್ಲಿ ಸಾಲ, ತೆರಿಗೆಗೆಲ್ಲ ಬಳಸುವ ಗುರುತಿನ ನಂಬರ್, ಕೊಟ್ಟಿರಾ? ನೆನಪು ಮಾಡಿಕೊಂಡು ಹೇಳಿ. ಅಂಚೆ ಇಲಾಖೆ ವಿಳಾಸ ಬದಲಿಸಲು ಆ ನಂಬರ್ ಕೇಳುವುದಿಲ್ಲ. ಕೇಳಿದರೆ ಅಲ್ಲೇ ಪುಟ ಮುಚ್ಚಬೇಕು.

ಕೊಟ್ಟಿದ್ದರೂ ದಾರಿ ಇದೆ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಜನರ ಸಾಲದ ದಾಖಲೆ ಇಡುವ ಈ ಮೂರೂ ಕಂಪನಿಗಳಲ್ಲಿ ಕ್ರೆಡಿಟ್ ಫ್ರೀಜ್ ಮಾಡಿ, ಅಂದರೆ ಆ ದಾಖಲೆಗೆ ಬೀಗ ಹಾಕಿಸಿ. ನಿಮ್ಮ ಹೆಸರಿನಲ್ಲಿ ಬೇರೆ ಯಾರೂ ಹೊಸ ಸಾಲ ತೆಗೆಯುವುದು ಆಗ ಸುಲಭವಲ್ಲ. 2018ರ ಸೆಪ್ಟೆಂಬರ್‌ನಿಂದ ಕಾನೂನಿನ ಪ್ರಕಾರ ಇದು ಉಚಿತ. ಬೇಕಾದಾಗ ತೆಗೆಯುವುದೂ ಉಚಿತ. ಒಂದು ಕಡೆ ಮಾಡಿದರೆ ಉಳಿದ ಎರಡು ಕಡೆ ತಾನಾಗಿ ಆಗುವುದಿಲ್ಲ, ಮೂರೂ ಕಡೆ ಮಾಡಬೇಕು. ಆ ಕಾರ್ಡನ್ನು ರದ್ದು ಮಾಡಿ ಹೊಸ ನಂಬರ್ ತೆಗೆದುಕೊಳ್ಳಿ. ಅಂಚೆ ಇಲಾಖೆಯ ಇನ್‌ಫಾರ್ಮ್ಡ್ ಡೆಲಿವರಿ ಅನ್ನುವ ಉಚಿತ ಸೇವೆಗೂ ಸೇರಿಕೊಳ್ಳಿ. ನಿಮಗೆ ಬರಲಿರುವ ಕಾಗದಗಳ ಹೊರಗಿನ ಚಿತ್ರ ಬೆಳಿಗ್ಗೆ ಇಮೇಲ್‌ಗೆ ಬರುತ್ತದೆ. ಕಾಗದ ದಾರಿ ತಪ್ಪುತ್ತಿದ್ದರೆ ಬೇಗ ಗೊತ್ತಾಗುತ್ತದೆ.

ದೂರು ಕೊಡುವುದನ್ನು ಮುಂದೂಡಬೇಡಿ. ಎಫ್‌ಟಿಸಿಯ ರಿಪೋರ್ಟ್ ಫ್ರಾಡ್ ಪುಟ ಇದೆ, ಅಂಚೆ ಇಲಾಖೆಯದೇ ಪೊಲೀಸರಾದ ಪೋಸ್ಟಲ್ ಇನ್‌ಸ್ಪೆಕ್ಷನ್ ಸರ್ವಿಸ್ ಇದೆ. ಎರಡೂ ಕಡೆ ಹಾಕಿ. ಆ ಹುಡುಕಾಟದ ಜಾಹೀರಾತಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಅದರ ಮೇಲೂ ದೂರು ಕೊಡಬಹುದು.

ಹೊಸಬಾಗಿಲು:

ಎಲ್ಲರ ಉತ್ತರ ಎರಡು ಸಲ ಓದಿದೆ. ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳಿರಲಿಲ್ಲ, ಕೊಟ್ಟಿಲ್ಲ. ಆದರೂ ಮೂರೂ ಕಡೆ ಫ್ರೀಜ್ ಮಾಡಿದೆ, ಅರ್ಧ ಗಂಟೆ ಹಿಡಿಯಿತು. ಕಾರ್ಡ್ ಕಂಪನಿಗೆ ಫೋನ್ ಮಾಡಿದೆ, ಪತ್ರವನ್ನೂ ಕಳಿಸಿದೆ. ಆ ಕಡೆ ಇದ್ದ ಹೆಣ್ಣುಮಗಳು 'ಇಂಥವು ನಮಗೆ ಬರುತ್ತಲೇ ಇರುತ್ತವೆ' ಅಂದಳು. ಇವತ್ತು ಮಧ್ಯಾಹ್ನ ಅಂಚೆ ಕಚೇರಿಗೆ ಹೋದೆ. ನನ್ನ ಹೆಸರಿನಲ್ಲಿ ಯಾವ ಅರ್ಜಿಯೂ ಬಂದಿರಲಿಲ್ಲ. 80 ಡಾಲರ್ ತೆಗೆದುಕೊಂಡು ಅವರು ಏನೂ ಮಾಡಿರಲಿಲ್ಲ. ಕೌಂಟರಿನಲ್ಲಿ ಐಡಿ ತೋರಿಸಿದೆ, ಐದು ನಿಮಿಷದಲ್ಲಿ ಮುಗಿಯಿತು.

ಎಆರ್-11 ನನಗೆ ಗೊತ್ತೇ ಇರಲಿಲ್ಲ. ಒಂಬತ್ತನೆಯ ದಿನ ರಾತ್ರಿ ನಾಲ್ವರದೂ ಹಾಕಿದೆ. ಹತ್ತುದಿನ ಅವರೇ, ನಿಮಗೆ ಹೇಗೆ ಧನ್ಯವಾದ ಹೇಳಲಿ?

ಬೇಸಿಗೆರಜೆ:

ನಮ್ಮ ಅತ್ತೆ ಮಾವ ಆರು ತಿಂಗಳಿಗೆ ಬಂದಿದ್ದಾರೆ. ಮೂರು ತಿಂಗಳು ನಮ್ಮಲ್ಲಿ, ಮೂರು ತಿಂಗಳು ನಾದಿನಿ ಮನೆಯಲ್ಲಿ. ಅವರ ಇನ್ಶೂರೆನ್ಸ್ ಕಾಗದಗಳು ನಮ್ಮ ಮನೆಗೆ ಬರುತ್ತವೆ. ಇಷ್ಟು ಕಡಿಮೆ ಅವಧಿಗೂ ಅವನ್ನು ನಾದಿನಿ ಮನೆಗೆ ತಿರುಗುವಂತೆ ಮಾಡಬಹುದಾ?

ನೀಲಿಲಕೋಟೆ:

ಮಾಡಬಹುದು. ಅದೇ ಫಾರಂನಲ್ಲಿ 'ತಾತ್ಕಾಲಿಕ' ಅಂತ ಆರಿಸಬೇಕು. ಕಡಿಮೆ ಅಂದರೆ 15 ದಿನ, ಮೊದಲ ಸಲಕ್ಕೆ ಹೆಚ್ಚೆಂದರೆ 6 ತಿಂಗಳು. ಕೊನೆಯ ದಿನಾಂಕ ಹಾಕಿದರೆ ಅವತ್ತಿಗೆ ತಾನಾಗಿ ನಿಲ್ಲುತ್ತದೆ. ನಿಮ್ಮ ಕಾಗದಗಳು ಜೊತೆಗೆ ಹೊರಟುಹೋಗದಂತೆ ಅವರಿಬ್ಬರದು ಮಾತ್ರ 'ವ್ಯಕ್ತಿ' ಅಂತ ಹಾಕಿ.

ಹೊಸಬಾಗಿಲು:

ಐದು ವಾರದ ನಂತರ ಬರೆಯುತ್ತಿದ್ದೇನೆ. 79 ಡಾಲರ್ 95 ಸೆಂಟ್ ನಿನ್ನೆ ಕಾರ್ಡಿಗೆ ವಾಪಸ್ ಬಂತು. ಡಿಸ್ಪ್ಯೂಟ್ ನಮ್ಮ ಕಡೆ ಆಯಿತು ಅಂತ ಪತ್ರವೂ ಬಂದಿದೆ. ಕೆಳಗಿನ ಸಣ್ಣ ಅಕ್ಷರದ ಸ್ಕ್ರೀನ್‌ಶಾಟ್ ಮತ್ತು ಅಂಚೆಗೆ ಅರ್ಜಿ ಹೋಗಿಲ್ಲ ಅನ್ನುವ ಸಂಗತಿ, ಎರಡನ್ನೂ ಕಾರ್ಡ್ ಕಂಪನಿಯವರು ಕೇಳಿ ಪಡೆದಿದ್ದರು.

ಇವತ್ತು ಡಬ್ಬದಲ್ಲಿ ಹಳದಿ ಚೀಟಿ ಅಂಟಿಸಿದ ಒಂದು ಲಕೋಟೆ ಇತ್ತು. ನ್ಯೂಜೆರ್ಸಿಯ ಮನೆಗೆ ಹೋಗಿ ಇಲ್ಲಿಗೆ ತಿರುಗಿ ಬಂದದ್ದು. ಮಗಳ ಲಸಿಕೆಯ ದಾಖಲೆ. ಸೋಮವಾರ ಶಾಲೆಗೆ ಸೇರಿಸಲು ಅದೇ ಬೇಕಿತ್ತು.

ರಾತ್ರಿಪಾಳಿ:

ಓದಿ ತುಂಬಾ ಸಂತೋಷವಾಯಿತು. ನಿನ್ನೆ ರಾತ್ರಿ ನಾನೂ ಎಫ್‌ಟಿಸಿಗೆ ದೂರು ಹಾಕಿದೆ, ಎರಡು ವರ್ಷ ಹಳೆಯದಾದರೂ. ಮನೆಯಲ್ಲೂ ಹೇಳಿದೆ.